ಲವಂಗ, ಜಾಯಿಕಾಯಿ, ನಿಕಲ್: ಮಲುಕು ದ್ವೀಪಗಳನ್ನು ಹುಡುಕಿಕೊಂಡು ಜಗತ್ತು ಹೋದದ್ದೇಕೆ?

ವಿದ್ಯುತ್ ವಾಹನಗಳ ಬ್ಯಾಟರಿಯ ಮಾತು ಬಂದಾಗ ಈಚಿನ ವರ್ಷಗಳಲ್ಲಿ ಹಾಲ್ಮಹೇರಾ ಎಂಬ ದ್ವೀಪದ ಹೆಸರೂ ಕೇಳಿಬರುತ್ತಿದೆ. ಇಂಡೋನೇಷ್ಯಾದ ಪೂರ್ವ ಭಾಗದಲ್ಲಿರುವ ಈ ದ್ವೀಪದ ಕೆಂಪು ಮಣ್ಣಿನಲ್ಲಿ ನಿಕಲ್ ಲೋಹವಿದೆ. ಅದಕ್ಕಾಗಿ ಅಲ್ಲಿ ದೊಡ್ಡ ಗಣಿಗಳೂ ಕುಲುಮೆಗಳೂ ಎದ್ದಿವೆ. ಕಾಡು ಹೋಗುತ್ತಿದೆ ಎಂಬ ದೂರು ಒಂದು ಕಡೆ, ದೇಶಕ್ಕೆ ಆದಾಯ ಬರುತ್ತಿದೆ ಎಂಬ ಸಮರ್ಥನೆ ಇನ್ನೊಂದು ಕಡೆ ಇದ್ದೇ ಇದೆ. ಸುದ್ದಿಯನ್ನು ಓದುವ ಕನ್ನಡಿಗನಿಗೆ ಇದು ಯಾವುದೋ ಹೊಸ ಊರಿನಂತೆ ಕಾಣುವುದು ಸಹಜ. ಆದರೆ ಹಾಲ್ಮಹೇರಾ ಯಾವ ದ್ವೀಪಸಮೂಹಕ್ಕೆ ಸೇರಿದೆಯೋ ಆ ಮಲುಕುವಿನ ಸರಕು ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಬಹಳ ಹಿಂದಿನಿಂದಲೂ ಇದೆ. ಸುಮಾರು 250 ವರ್ಷಗಳ ಹಿಂದಿನವರೆಗೆ ಜಗತ್ತಿನ ಯಾವ ಊರಿನಲ್ಲಿ ಯಾರು ಲವಂಗವನ್ನು ಬಾಯಿಗೆ ಹಾಕಿಕೊಂಡರೂ, ಪಾಯಸಕ್ಕೆ ಜಾಯಿಕಾಯಿಯನ್ನು ತೇಯ್ದರೂ, ಅದು ಈ ದ್ವೀಪಗಳಿಂದಲೇ ಬಂದದ್ದಾಗಿರುತ್ತಿತ್ತು.

‘ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ’ ಎಂಬ ಸ್ಥಿತಿ ಒಂದು ನೆಲಕ್ಕೆ ಹೇಗೆ ಬಂತು, ಅದರಿಂದ ಅಲ್ಲಿನ ಜನರಿಗೆ ಏನಾಯಿತು ಎಂಬುದನ್ನು ತಿಳಿಯಬೇಕಾದರೆ ಭೂಗರ್ಭದಿಂದಲೇ ಆರಂಭಿಸಬೇಕಾಗುತ್ತದೆ.

ಮಲುಕು ಎಲ್ಲಿದೆ?

ಭೂಪಟದಲ್ಲಿ ಸುಲಾವೆಸಿ ಮತ್ತು ನ್ಯೂಗಿನಿ ಎಂಬ ಎರಡು ದೊಡ್ಡ ದ್ವೀಪಗಳನ್ನು ಗುರುತಿಸಿಕೊಂಡರೆ ಅವುಗಳ ನಡುವಿನ ಸಮುದ್ರದಲ್ಲಿ ಚೆಲ್ಲಿದ ಸಾಸಿವೆಯಂತೆ ಹರಡಿರುವುದೇ ಮಲುಕು. ಇಂಗ್ಲಿಷಿನವರ ಬಾಯಲ್ಲಿ ಇದು ಮೊಲಕ್ಕಸ್ ಆಯಿತು. ‘ಸಾಂಬಾರ ದ್ವೀಪಗಳು’ ಎಂಬುದು ಇದರ ಇನ್ನೊಂದು ಹೆಸರು. ಚಿಕ್ಕವು ದೊಡ್ಡವು ಸೇರಿ ಸುಮಾರು ಸಾವಿರ ದ್ವೀಪಗಳು ಇಲ್ಲಿವೆ. ಆಡಳಿತದ ಅನುಕೂಲಕ್ಕಾಗಿ 1999ರಲ್ಲಿ ಇದನ್ನು ಮಲುಕು ಮತ್ತು ಉತ್ತರ ಮಲುಕು ಎಂದು ಎರಡು ಪ್ರಾಂತಗಳಾಗಿ ವಿಂಗಡಿಸಲಾಯಿತು.

ಈ ಸಾವಿರದಲ್ಲಿ ನಮ್ಮ ಕಥೆಗೆ ಬೇಕಾದ ಹೆಸರುಗಳು ಕೆಲವೇ. ಉತ್ತರದಲ್ಲಿ ಹಾಲ್ಮಹೇರಾದ ಪಶ್ಚಿಮ ದಡಕ್ಕೆ ಅಂಟಿಕೊಂಡಂತೆ ತೆರ್ನಾತೆ, ತಿದೋರೆ, ಮೋತಿ, ಮಾಕಿಯಾನ್ ಮತ್ತು ಬಾಚಾನ್ ಎಂಬ ಐದು ದ್ವೀಪಗಳಿವೆ. ಲವಂಗದ ತವರು ಇವು. ನಡುಭಾಗದಲ್ಲಿ ಸೆರಾಮ್ ಎಂಬ ದೊಡ್ಡ ದ್ವೀಪ, ಅದರ ಪಕ್ಕದಲ್ಲಿ ಅಂಬೊನ್. ಅಲ್ಲಿಂದ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರು ತೆರೆದ ಸಮುದ್ರವನ್ನು ದಾಟಿದರೆ ಬಾಂಡಾ ಎಂಬ ಪುಟ್ಟ ಗುಂಪು ಸಿಗುತ್ತದೆ. ಜಾಯಿಕಾಯಿ ಹುಟ್ಟಿದ್ದು ಅಲ್ಲಿ. ಬಾಂಡಾದ ಒಂದು ದ್ವೀಪವಾದ ರುನ್, ಉದ್ದದಲ್ಲಿ ಸುಮಾರು ಮೂರು ಕಿಲೋಮೀಟರು, ಅಗಲದಲ್ಲಿ ಒಂದು ಕಿಲೋಮೀಟರೂ ಇಲ್ಲ. ನಮ್ಮ ಒಂದು ಸಾಧಾರಣ ಹಳ್ಳಿಯ ಎಲ್ಲೆಯೊಳಗೆ ಅದು ಕುಳಿತುಬಿಡುತ್ತದೆ. ಈ ಗಾತ್ರವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಇದೇ ರುನ್‌ಗಾಗಿ ಎರಡು ಯುರೋಪಿಯನ್ ಶಕ್ತಿಗಳು ಅರ್ಧ ಶತಮಾನ ಹೊಡೆದಾಡುತ್ತವೆ.

ಬೆಂಕಿಯಿಂದ ಎದ್ದ ನೆಲ

ಭೂಮಿಯ ಹೊರಪದರ ಒಂದೇ ಅಖಂಡ ಚಿಪ್ಪಲ್ಲ. ಹಾಲು ಕಾಯಿಸಿ ಆರಲು ಬಿಟ್ಟಾಗ ಮೇಲೆ ಕಟ್ಟಿದ ಕೆನೆ ಒಡೆದು ತುಂಡುತುಂಡಾಗಿ ತೇಲುವಂತೆ, ಈ ಹೊರಪದರವೂ ಹಲವು ತುಂಡುಗಳಾಗಿ ಬಹು ನಿಧಾನವಾಗಿ ಸರಿಯುತ್ತಿರುತ್ತದೆ. ಈ ತುಂಡುಗಳನ್ನು ಭೂಫಲಕಗಳು ಎನ್ನುತ್ತಾರೆ. ಎರಡು ಫಲಕಗಳು ಎದುರುಬದುರಾದಾಗ ಭಾರವಾದದ್ದು ಹಗುರವಾದುದರ ಅಡಿಗೆ ಜಾರುತ್ತದೆ, ಒಳಗಿನ ಶಾಖಕ್ಕೆ ಬಂಡೆ ಕರಗುತ್ತದೆ, ಕರಗಿದ ಬಂಡೆ ಮೇಲೆ ನುಗ್ಗಿ ಜ್ವಾಲಾಮುಖಿಯಾಗುತ್ತದೆ.

ಸಾಮಾನ್ಯವಾಗಿ ಇಂತಹ ಸಂಧಿಯಲ್ಲಿ ಎರಡು ಫಲಕಗಳು ಮಾತ್ರ ಸೇರುತ್ತವೆ. ಮಲುಕುವಿನಲ್ಲಿ ಯುರೇಷ್ಯಾ, ಪೆಸಿಫಿಕ್, ಆಸ್ಟ್ರೇಲಿಯಾ ಮತ್ತು ಫಿಲಿಪ್ಪೀನ್ ಸಮುದ್ರದ ಫಲಕಗಳು ಒಂದನ್ನೊಂದು ಒತ್ತುತ್ತಿವೆ. ತೆರ್ನಾತೆ, ತಿದೋರೆ, ಮಾಕಿಯಾನ್ ದ್ವೀಪಗಳು ಹೀಗೆ ಹುಟ್ಟಿದವು. ಒಂದೊಂದು ದ್ವೀಪವೂ ಸಮುದ್ರದಿಂದ ನೇರವಾಗಿ ಮೇಲೆದ್ದ ಒಂದೊಂದು ಜ್ವಾಲಾಮುಖಿ. ತೆರ್ನಾತೆಯ ಗಮಲಾಮಾ ಬೆಟ್ಟ 1,700 ಮೀಟರಿಗೂ ಹೆಚ್ಚು ಎತ್ತರವಿದೆ, ಆಗಾಗ ಬೂದಿಯನ್ನೂ ಉಗುಳುತ್ತದೆ. ಬಾಂಡಾದ ನಡುವೆ ನಿಂತಿರುವ ಗುನುಂಗ್ ಆಪಿ, ಅಂದರೆ ಬೆಂಕಿಬೆಟ್ಟ, 1988ರಲ್ಲಿ ಸಿಡಿದಿತ್ತು. ಬೂದಿ ಬಿದ್ದು ಕಳಿತ ಮಣ್ಣು ಫಲವತ್ತಾಗಿರುತ್ತದೆ, ನೀರು ನಿಲ್ಲದೆ ಬಸಿದುಹೋಗುತ್ತದೆ, ಸಮುದ್ರದ ತೇವ ವರ್ಷವಿಡೀ ಇರುತ್ತದೆ. ಮರಗಳಿಗೆ ಇದು ಹೇಳಿಮಾಡಿಸಿದ ಜಾಗ.

ಸಮುದ್ರದ ಮೇಲಿನ ಕಾಣದ ಗೆರೆ

ಮಣ್ಣು ಒಳ್ಳೆಯದೆಂದ ಮಾತ್ರಕ್ಕೆ ಅಪರೂಪದ ಜೀವಿಗಳು ಹುಟ್ಟುವುದಿಲ್ಲ. ಅದಕ್ಕೆ ಒಂಟಿತನವೂ ಬೇಕು. ಹಿಮಯುಗದಲ್ಲಿ ಸಮುದ್ರದ ನೀರಿನ ಒಂದಂಶ ನೆಲದ ಮೇಲೆ ಮಂಜುಗಡ್ಡೆಯಾಗಿ ಹೆಪ್ಪುಗಟ್ಟಿ ಸಮುದ್ರಮಟ್ಟ ಸುಮಾರು 120 ಮೀಟರು ಕೆಳಗಿಳಿದಿತ್ತು. ಆಗ ಸುಮಾತ್ರಾ, ಜಾವಾ, ಬೋರ್ನಿಯೊ ದ್ವೀಪಗಳು ಏಷ್ಯಾದ ನೆಲಕ್ಕೆ ಕೂಡಿಕೊಂಡಿದ್ದವು. ಆನೆ, ಹುಲಿ, ಘೇಂಡಾಮೃಗಗಳು ಅಲ್ಲಿಗೆ ನಡೆದೇ ಹೋದವು. ಆ ಕಡೆ ನ್ಯೂಗಿನಿ ಆಸ್ಟ್ರೇಲಿಯಾಕ್ಕೆ ಕೂಡಿಕೊಂಡಿತ್ತು, ಹೊಟ್ಟೆಚೀಲದ ಪ್ರಾಣಿಗಳು ಅಲ್ಲಿ ಓಡಾಡಿದವು. ಮಲುಕುವಿನ ಸುತ್ತಲ ಸಮುದ್ರ ಮಾತ್ರ ಎಷ್ಟು ಆಳವೆಂದರೆ 120 ಮೀಟರು ಇಳಿದರೂ ಅಲ್ಲಿ ಏನೂ ಬದಲಾಗಲಿಲ್ಲ. ಬಾಂಡಾ ಸಮುದ್ರದ ಅತಿ ಆಳದ ಜಾಗ 7 ಕಿಲೋಮೀಟರಿಗೂ ಮಿಗಿಲು. ಹೀಗಾಗಿ ಈ ದ್ವೀಪಗಳು ಎರಡು ಖಂಡಗಳ ನಡುವೆ ಇದ್ದೂ ಯಾವುದಕ್ಕೂ ಸೇರಲಿಲ್ಲ. ಈಜಿದ್ದು, ಹಾರಿದ್ದು, ಮರದ ದಿಮ್ಮಿಯ ಮೇಲೆ ತೇಲಿದ್ದು, ಆಮೇಲೆ ಮನುಷ್ಯ ದೋಣಿಯಲ್ಲಿ ತಂದದ್ದು, ಇಷ್ಟೇ ಅಲ್ಲಿ ಸೇರಿಕೊಂಡವು.

ಇದರ ಪರಿಣಾಮ ಕಣ್ಣಿಗೆ ಕಾಣುವಂಥದ್ದು. ಮಲುಕುವಿನ ಕಾಡಿನಲ್ಲಿ ಹುಲಿಯಿಲ್ಲ. ಮರಿಯನ್ನು ಹೊಟ್ಟೆಚೀಲದಲ್ಲಿ ಹೊರುವ ಕುಸ್ಕುಸ್ ಎಂಬ ನಿಶಾಚರ ಪ್ರಾಣಿ ಮರದ ಮೇಲಿದೆ, ಬಿಳಿಯ ಕಾಕಟೂಗಳಿವೆ, ಬಾವಲಿಗಳು ಹೇರಳವಾಗಿವೆ. ಬೇರೆಲ್ಲೂ ಇಲ್ಲದೆ ಒಂದೇ ಪ್ರದೇಶದಲ್ಲಿ ಕಂಡುಬರುವ ಜೀವಜಾತಿಯನ್ನು ‘ಸ್ಥಾನಿಕ ಪ್ರಭೇದ’ ಎನ್ನುತ್ತಾರೆ. ಒಂದೇ ಊರಿನಲ್ಲಿ ತಲೆಮಾರುಗಳಿಂದ ಬೇರೆಯವರ ಒಡನಾಟವಿಲ್ಲದೆ ಆಡಿದ ಮಾತು ಕ್ರಮೇಣ ಬೇರೆಯೇ ಭಾಷೆಯಾಗುವಂತೆ, ಒಂಟಿ ದ್ವೀಪದಲ್ಲಿ ಸಿಕ್ಕಿಕೊಂಡ ಜೀವಿಗಳೂ ಲಕ್ಷಾಂತರ ವರ್ಷಗಳಲ್ಲಿ ಬೇರೆಯಾಗುತ್ತ ಹೋಗುತ್ತವೆ.

ಎರಡು ಮರಗಳು

ಒಂದು ಲವಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರೆ ತುದಿಯಲ್ಲಿ ಒಂದು ದುಂಡನೆಯ ಗುಂಡಿ, ಅದನ್ನು ಹಿಡಿದುಕೊಂಡಿರುವ ನಾಲ್ಕು ಚೂಪು ಹಲ್ಲುಗಳು ಕಾಣುತ್ತವೆ. ಆ ಗುಂಡಿಯೇ ಅರಳದ ಎಸಳುಗಳು. ಲವಂಗ ಕಾಯಿಯೂ ಅಲ್ಲ, ಬೀಜವೂ ಅಲ್ಲ. ನೇರಳೆಯ ಹತ್ತಿರದ ಬಂಧುವಾದ ಒಂದು ಮರದ ಮೊಗ್ಗು. ಹಸಿರು ಮೊಗ್ಗು ನಸುಗೆಂಪಿಗೆ ತಿರುಗಿದ ಕೂಡಲೇ, ಅರಳುವುದಕ್ಕೆ ಮೊದಲು, ಗೊಂಚಲುಗೊಂಚಲಾಗಿ ಕೈಯಿಂದ ಕೊಯ್ದು ಬಿಸಿಲಿನಲ್ಲಿ ಒಣಗಿಸಬೇಕು. ಅರಳಿತೆಂದರೆ ಬೆಲೆ ಹೋಯಿತು. ಒಣಗಿದ ಮೊಗ್ಗು ಮೊಳೆಯಂತೆ ಕಾಣುವುದರಿಂದ ಚೀನೀಯರೂ ಯುರೋಪಿನ ಹಲವು ಭಾಷೆಯವರೂ ಅದಕ್ಕೆ ಮೊಳೆ ಎಂಬರ್ಥದ ಹೆಸರನ್ನೇ ಇಟ್ಟರು.

ಜಾಯಿಕಾಯಿಯದು ಇನ್ನೂ ಚೆಲುವಾದ ರಚನೆ. ಹಣ್ಣು ತಿಳಿಹಳದಿ, ಸಣ್ಣ ಸೀಬೆಕಾಯಿಯ ಗಾತ್ರ. ಮಾಗಿದಾಗ ಮರದಲ್ಲೇ ನಡುವೆ ಬಿರಿಯುತ್ತದೆ. ಬಿರುಕಿನೊಳಗೆ ಕಪ್ಪಗೆ ಮಿರುಗುವ ಚಿಪ್ಪು, ಅದರ ಸುತ್ತ ಬಲೆಯಂತೆ ಹೆಣೆದುಕೊಂಡ ಕಡುಗೆಂಪು ಪೊರೆ. ಆ ಪೊರೆ ಒಣಗಿದರೆ ಜಾಪತ್ರೆ, ಚಿಪ್ಪನ್ನು ಒಡೆದರೆ ಒಳಗಿನದು ಜಾಯಿಕಾಯಿ. ಮರದಲ್ಲಿ ಗಂಡು ಹೆಣ್ಣು ಬೇರೆಬೇರೆ; ಸಸಿ ನೆಟ್ಟು ಐದಾರು ವರ್ಷ ಸಾಕಿ, ಹೂ ಬಿಟ್ಟ ಮೇಲಷ್ಟೇ ಅದು ಯಾವುದೆಂದು ತಿಳಿಯುತ್ತದೆ. ಶಿರಸಿ, ಪುತ್ತೂರಿನ ಕಡೆ ಅಡಿಕೆ ತೋಟದ ನಡುವೆ ಜಾಯಿಕಾಯಿ ಬೆಳೆಯುವವರಿಗೆ ಈ ಕಾಯುವಿಕೆಯ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕೆಂಪು ಬಣ್ಣ ಯಾರಿಗಾಗಿ? ಹಕ್ಕಿಗಾಗಿ. ಬಾಂಡಾದಲ್ಲಿ ದೊಡ್ಡ ಗಾತ್ರದ ಕಾಡುಪಾರಿವಾಳಗಳಿವೆ. ಅವು ಇಡೀ ಬೀಜವನ್ನು ನುಂಗಿ, ಪೊರೆಯನ್ನು ಜೀರ್ಣಿಸಿಕೊಂಡು, ಬೀಜವನ್ನು ಬೇರೆ ಕಡೆ ಹಾಗೆಯೇ ಬೀಳಿಸುತ್ತವೆ. ಅಂದರೆ ಜಾಪತ್ರೆ ಎಂಬುದು ಮರವು ಹಕ್ಕಿಗೆ ಕೊಡುವ ಬಾಡಿಗೆ. ಆದರೆ ತೇವ ಆರಿದರೆ ಸತ್ತುಹೋಗುವುದರಿಂದ ಬೀಜ ಹೆಚ್ಚು ದಿನ ಮೊಳೆಯುವ ಶಕ್ತಿಯನ್ನು ಉಳಿಸಿಕೊಳ್ಳುವುದಿಲ್ಲ. ಪಾರಿವಾಳ ಹಾರುವಷ್ಟು ದೂರ ಮಾತ್ರ ಮರ ಹಬ್ಬಬಲ್ಲದು. ಸಾವಿರಾರು ಕಿಲೋಮೀಟರಿನ ಸಮುದ್ರವನ್ನು ಅದು ತಾನಾಗಿ ದಾಟಲಾರದು.

ಇಲ್ಲೊಂದು ಸಂದೇಹ ಬರಬಹುದು: ನಮ್ಮ ಪಶ್ಚಿಮಘಟ್ಟದಲ್ಲೂ ಕಾಡುಜಾಯಿಕಾಯಿ ಇದೆಯಲ್ಲ? ಇದೆ. ರಾಮಪತ್ರೆ ಅದೇ ಕುಟುಂಬದ, ಘಟ್ಟಕ್ಕೆ ಸ್ಥಾನಿಕವಾದ ಮರ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ, ಜಡ್ಡಿ ಎಂದು ಕರೆಯುವ ಜೌಗು ಕಾಡಿನಲ್ಲಿ, ಈ ಕುಟುಂಬದ ಮರಗಳು ಕೆಸರಿನಿಂದ ಮೊಣಕಾಲಿನಂಥ ಬೇರುಗಳನ್ನು ಮೇಲೆತ್ತಿ ನಿಂತಿರುತ್ತವೆ. ಆದರೆ ರಾಮಪತ್ರೆಯ ಪರಿಮಳ ಮಂದ. ಜಗತ್ತು ಹಣ ಸುರಿದದ್ದು ಬಾಂಡಾದ ಬಂಧುವಿಗೆ.

ಹಡಗುಗಳು ಬರುವ ಮುಂಚೆ

ಬಾಂಡಾದ ಆಯ್ ದ್ವೀಪದಲ್ಲಿ ಸಿಕ್ಕ ಮಡಕೆಯ ಚೂರುಗಳಲ್ಲಿ ಸುಮಾರು 3,500 ವರ್ಷ ಹಳೆಯ ಜಾಯಿಕಾಯಿಯ ಅಂಶವನ್ನು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಚೀನಾದ ಹಾನ್ ಅರಸರ ಆಸ್ಥಾನದಲ್ಲಿ ದೊರೆಯೊಡನೆ ಮಾತಾಡುವವರು ಬಾಯಿ ವಾಸನೆ ಹೊಡೆಯದಂತೆ ಲವಂಗವನ್ನು ಇಟ್ಟುಕೊಳ್ಳುತ್ತಿದ್ದರು. ಕಾಳಿದಾಸನ ರಘುವಂಶದಲ್ಲಿ ಇಂದುಮತಿಯ ಸ್ವಯಂವರಕ್ಕೆ ಬಂದ ಕಳಿಂಗದ ದೊರೆಯನ್ನು ವರ್ಣಿಸುವಾಗ ದ್ವೀಪಾಂತರದಿಂದ ಲವಂಗದ ಹೂಗಳನ್ನು ಹೊತ್ತು ತರುವ ಗಾಳಿಯ ಮಾತು ಬರುತ್ತದೆ. ಲವಂಗ ಈ ನೆಲದ್ದಲ್ಲ, ಕಡಲಾಚೆಯದು ಎಂಬ ತಿಳಿವಳಿಕೆ ಕವಿಗೆ ಇತ್ತು.

ವ್ಯಾಪಾರ ಸರಪಳಿಯಂತೆ ನಡೆಯುತ್ತಿತ್ತು. ಮಲುಕುವಿನಿಂದ ಜಾವಾ ಮತ್ತು ಮಲಯಾದ ವರ್ತಕರು, ಮಲಯಾದ ಬಂದರಾದ ಮಲಕ್ಕಾದಿಂದ ಗುಜರಾತಿಗಳು ಮತ್ತು ತಮಿಳರು, ಮುಂದೆ ಅರಬರು, ಕೊನೆಗೆ ವೆನಿಸ್ಸಿನವರು. ಮಲುಕುವಿಗೆ ಪ್ರತಿಯಾಗಿ ಹೋಗುತ್ತಿದ್ದುದು ಜಾವಾದ ಅಕ್ಕಿ ಮತ್ತು ಭಾರತದ ಹತ್ತಿಬಟ್ಟೆ. ಬಾಂಡಾದಲ್ಲಿ ಅರಸರಿರಲಿಲ್ಲ, ‘ಒರಾಂಗ್ ಕಾಯಾ’ ಎನ್ನುವ ಊರ ಹಿರಿಯರು ಕೂಡಿ ತೀರ್ಮಾನ ಮಾಡುತ್ತಿದ್ದರು. ಉತ್ತರದಲ್ಲಿ ತೆರ್ನಾತೆ ಮತ್ತು ತಿದೋರೆಯ ಸುಲ್ತಾನರು ಎದುರುಬದುರಿನ ದ್ವೀಪಗಳಲ್ಲಿ ಕುಳಿತು ಪರಸ್ಪರ ಪೈಪೋಟಿ ನಡೆಸುತ್ತಿದ್ದರು.

ಪೋರ್ಚುಗೀಸರು ಮತ್ತು ಸ್ಪೇನಿನವರು

1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಮರುವರ್ಷವೇ ಮಲಕ್ಕಾವನ್ನು ವಶಪಡಿಸಿಕೊಂಡು, ಅಲ್ಲಿಂದ ಮಲುಕುವಿಗೆ ಹಡಗು ಕಳಿಸಿದ. 1512ರಲ್ಲಿ ಪೋರ್ಚುಗೀಸರು ಬಾಂಡಾ ತಲುಪಿದರು. ಅದೇ ತಂಡದ ಫ್ರಾನ್ಸಿಸ್ಕೊ ಸೆರಾವ್ ಹಡಗು ಒಡೆದು ದಿಕ್ಕುಗೆಟ್ಟು ಕೊನೆಗೆ ತೆರ್ನಾತೆಯನ್ನು ಸೇರಿ ಸುಲ್ತಾನನ ಸಲಹೆಗಾರನಾದ. ಅವನು ಬರೆದ ಪತ್ರಗಳು ಅವನ ಗೆಳೆಯ ಮೆಜೆಲಾನನನ್ನು ಪ್ರೇರೇಪಿಸಿದವು. 1519ರಲ್ಲಿ ಸ್ಪೇನಿನ ಪರವಾಗಿ ಹೊರಟ ಮೆಜೆಲಾನನ ಐದು ಹಡಗುಗಳ ಗುರಿ ಭೂಪ್ರದಕ್ಷಿಣೆಯಾಗಿರಲಿಲ್ಲ, ಪಶ್ಚಿಮದ ದಾರಿಯಿಂದ ಮಲುಕುವನ್ನು ಮುಟ್ಟುವುದಾಗಿತ್ತು. ಅವನು ಫಿಲಿಪ್ಪೀನಿನಲ್ಲಿ ಸತ್ತ. ಉಳಿದವರು ತಿದೋರೆಯಲ್ಲಿ ಲವಂಗ ತುಂಬಿಕೊಂಡರು. 1522ರಲ್ಲಿ ಒಂದೇ ಹಡಗು 18 ಜನ ಯುರೋಪಿಯನ್ನರೊಡನೆ ಸ್ಪೇನಿಗೆ ಮರಳಿತು. 1529ರಲ್ಲಿ ಸ್ಪೇನಿನ ದೊರೆ ಮಲುಕುವಿನ ಮೇಲಿನ ತನ್ನ ಹಕ್ಕನ್ನು 3,50,000 ಡುಕಾಟು ಎಂಬ ಚಿನ್ನದ ನಾಣ್ಯಗಳಿಗೆ ಪೋರ್ಚುಗಲ್ಲಿಗೆ ಬಿಟ್ಟುಕೊಟ್ಟ. ಮಾರಿದವನಿಗೂ ಕೊಂಡವನಿಗೂ ಆ ದ್ವೀಪ ಸೇರಿದ್ದಾಗಿರಲಿಲ್ಲ ಎಂಬುದು ಒಪ್ಪಂದಕ್ಕೆ ಅಡ್ಡಿಯಾಗಲಿಲ್ಲ.

1570ರಲ್ಲಿ ಪೋರ್ಚುಗೀಸರು ತೆರ್ನಾತೆಯ ಸುಲ್ತಾನ ಹೈರುನನನ್ನು ಕೊಂದರು. ಅವನ ಮಗ ಬಾಬುಲ್ಲಾ ಐದು ವರ್ಷ ಕೋಟೆಯನ್ನು ಮುತ್ತಿ 1575ರಲ್ಲಿ ಅವರನ್ನು ದ್ವೀಪದಿಂದ ಹೊರಗಟ್ಟಿದ.

ಏಕಸ್ವಾಮ್ಯ ಮತ್ತು 1621

ಒಂದು ಸರಕನ್ನು ಮಾರುವ ಅಧಿಕಾರ ಒಬ್ಬನ ಕೈಯಲ್ಲೇ ಇರುವುದಕ್ಕೆ ಏಕಸ್ವಾಮ್ಯ ಎನ್ನುತ್ತಾರೆ. ಊರಿಗೆಲ್ಲ ಒಂದೇ ಬಾವಿಯಿದ್ದು ಅದಕ್ಕೆ ಒಬ್ಬ ಬೀಗ ಹಾಕಿಕೊಂಡರೆ ನೀರಿನ ಬೆಲೆಯನ್ನು ಅವನೇ ಹೇಳುತ್ತಾನೆ. ಆದರೆ ಊರಲ್ಲಿ ನೂರು ಬಾವಿಗಳಿದ್ದರೆ ಬೀಗದಿಂದ ಪ್ರಯೋಜನವಿಲ್ಲ. ಕಾಳುಮೆಣಸಿನ ವಿಷಯದಲ್ಲಿ ಆದದ್ದು ಎರಡನೆಯದು. ಕೆನರಾ, ಮಲಬಾರ್, ಸುಮಾತ್ರಾಗಳ ಉದ್ದಕ್ಕೂ ಮೆಣಸು ಬೆಳೆಯುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದ ಪೋರ್ಚುಗೀಸರಾಗಲಿ, ಅವರ ನಂತರ ಬಂದ ಡಚ್ಚರಾಗಲಿ, ಮೆಣಸನ್ನು ಪೂರ್ಣವಾಗಿ ಹಿಡಿತಕ್ಕೆ ತೆಗೆದುಕೊಳ್ಳಲು ಆಗಲೇ ಇಲ್ಲ. ಜಾಯಿಕಾಯಿ ಮೊದಲನೆಯ ಬಾವಿ. ಕೆಲವೇ ದ್ವೀಪಗಳು, ನಾಲ್ಕಾರು ಬಂದರುಗಳು. ಬೀಗ ಹಾಕುವುದು ಸಾಧ್ಯವಿತ್ತು.

1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿ ಹೆಸರಿಗೆ ವ್ಯಾಪಾರಿ ಸಂಸ್ಥೆ. ಆದರೆ ಸೈನ್ಯ ಕಟ್ಟುವ, ಯುದ್ಧ ಸಾರುವ, ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಡಚ್ ಸರ್ಕಾರ ಅದಕ್ಕೆ ಕೊಟ್ಟಿತ್ತು. ಕಂಪನಿ ಬಾಂಡಾದ ಕೆಲವು ಹಿರಿಯರಿಂದ, ಜಾಯಿಕಾಯಿಯನ್ನು ತನಗೆ ಮಾತ್ರ ಮಾರಬೇಕೆಂಬ ಕರಾರಿಗೆ ಸಹಿ ಹಾಕಿಸಿಕೊಂಡಿತು. ಬಾಂಡಾದವರಿಗೆ ಅದನ್ನು ಪಾಲಿಸುವುದು ಸಾಧ್ಯವೇ ಇರಲಿಲ್ಲ. ದ್ವೀಪದಲ್ಲಿ ಅಕ್ಕಿ ಬೆಳೆಯುವುದಿಲ್ಲ, ಅಕ್ಕಿ ತರುವವರು ಜಾವಾದವರು, ಅವರು ಕೇಳುವುದು ಜಾಯಿಕಾಯಿಯನ್ನು. ಡಚ್ಚರು ಅಷ್ಟು ಅಗ್ಗವಾಗಿ ಅನ್ನ, ಬಟ್ಟೆ ಒದಗಿಸಲಾರರು. ಹಳೆಯ ವರ್ತಕರೊಡನೆ ವ್ಯಾಪಾರ ಮುಂದುವರಿಯಿತು. ಕಂಪನಿ ಅದನ್ನು ಕರಾರು ಮುರಿದದ್ದೆಂದು ಲೆಕ್ಕ ಹಾಕಿತು. 1609ರಲ್ಲಿ ಕೋಟೆ ಕಟ್ಟಲು ಬಂದ ಡಚ್ ನೌಕಾಧಿಪತಿ ವೆರ್‌ಹೂಫನನ್ನು ಮಾತುಕತೆಗೆ ಕರೆದು ಬಾಂಡಾದವರು ಕೊಂದರು.

1621ರಲ್ಲಿ ಗವರ್ನರ್ ಜನರಲ್ ಯಾನ್ ಪೀಟರ್‌ಜೂನ್ ಕೂನ್ ದೊಡ್ಡ ಪಡೆಯೊಡನೆ ಬಂದು ಬಾಂಡಾವನ್ನು ಗೆದ್ದ. 44 ಒರಾಂಗ್ ಕಾಯಾಗಳನ್ನು ಬಿದಿರಿನ ಆವರಣದೊಳಗೆ ತಂದು, ಕಂಪನಿಯ ಸಂಬಳದಲ್ಲಿದ್ದ ಜಪಾನೀ ಸೈನಿಕರಿಂದ ಕತ್ತರಿಸಿ ಹಾಕಿಸಲಾಯಿತು. ಊರುಗಳನ್ನು ಸುಟ್ಟರು. ಬೆಟ್ಟಕ್ಕೆ ಓಡಿದವರು ಹಸಿವಿನಿಂದ ಸತ್ತರು, ಸುಮಾರು 800 ಜನರನ್ನು ಇಂದಿನ ಜಕಾರ್ತಾ ಆಗಿರುವ ಬಟಾವಿಯಾಕ್ಕೆ ಸಾಗಿಸಿದರು. ಅಂದಾಜು 15,000 ಇದ್ದ ಜನಸಂಖ್ಯೆಯಲ್ಲಿ ದ್ವೀಪದಲ್ಲಿ ಉಳಿದವರು ಸುಮಾರು ಸಾವಿರ ಎಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ತಪ್ಪಿಸಿಕೊಂಡ ಕೆಲವರು ಪೂರ್ವದ ಕೈ ದ್ವೀಪಗಳನ್ನು ಸೇರಿದರು. ಅಲ್ಲಿನ ಬಾಂಡಾ ಎಲಿ ಮತ್ತು ಎಲಾತ್ ಎಂಬ ಊರುಗಳಲ್ಲಿ ಅವರ ಸಂತತಿಯವರು ಬಾಂಡಾದ ಮೂಲ ಭಾಷೆಯನ್ನು ಆಡುತ್ತ ಬಂದಿದ್ದಾರೆ. ಬಾಂಡಾದಲ್ಲಿ ಆ ಭಾಷೆ ಉಳಿದಿಲ್ಲ.

ಮರಗಳಿದ್ದವು, ಕೊಯ್ಯುವವರಿರಲಿಲ್ಲ. ಕಂಪನಿ ತೋಟಗಳನ್ನು 68 ಪಾಲು ಮಾಡಿ ತನ್ನ ಮಾಜಿ ನೌಕರರಿಗೆ ಕೊಟ್ಟಿತು. ದುಡಿಯಲು ಗುಲಾಮರನ್ನು ತಂದರು. ಅವರಲ್ಲಿ ಭಾರತದ ಪೂರ್ವ ಕರಾವಳಿಯಿಂದ ಕೊಂಡೊಯ್ದವರೂ ಇದ್ದರು. ಡಚ್ ಆಳ್ವಿಕೆಯ ದ್ವೀಪಗಳಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1860ರಲ್ಲಿ.

ರುನ್ ಕೊಟ್ಟು ಮ್ಯಾನ್‌ಹಟನ್ ಪಡೆದರೇ?

ರುನ್ ದ್ವೀಪದವರು ಡಚ್ಚರಿಂದ ರಕ್ಷಣೆ ಕೋರಿ 1616ರಲ್ಲಿ ಇಂಗ್ಲೆಂಡಿನ ದೊರೆಗೆ ನಿಷ್ಠೆ ಸಲ್ಲಿಸಿದ್ದರು. ನಥಾನಿಯಲ್ ಕೋರ್ಟ್‌ಹೋಪ್ ಬೆರಳೆಣಿಕೆಯ ಜನರೊಡನೆ ಸುಮಾರು ನಾಲ್ಕು ವರ್ಷ ಅದನ್ನು ಕಾದು 1620ರಲ್ಲಿ ಕೊಲೆಯಾದ. ದ್ವೀಪ ಡಚ್ಚರ ಕೈಸೇರಿತು, ಆದರೆ ಇಂಗ್ಲಿಷರು ಹಕ್ಕು ಬಿಡಲಿಲ್ಲ. 1664ರಲ್ಲಿ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಮ್ಯಾನ್‌ಹಟನ್ ದ್ವೀಪವನ್ನು ಇಂಗ್ಲಿಷರು ಹಿಡಿದರು. 1667ರ ಬ್ರೆಡಾ ಒಪ್ಪಂದದಲ್ಲಿ, ಯಾರ ಕೈಯಲ್ಲಿ ಏನಿದೆಯೋ ಅದು ಅವರಿಗೇ ಇರಲಿ ಎಂದು ತೀರ್ಮಾನವಾಯಿತು. ಆದ್ದರಿಂದ ‘ಜಾಯಿಕಾಯಿ ದ್ವೀಪಕ್ಕೆ ನ್ಯೂಯಾರ್ಕನ್ನು ಬದಲಾಯಿಸಿಕೊಂಡರು’ ಎಂಬ ಜನಪ್ರಿಯ ಮಾತು ಪೂರ್ತಿ ಸರಿಯಲ್ಲ. ಆದರೂ ಆ ದಿನದ ಲೆಕ್ಕದಲ್ಲಿ ಡಚ್ಚರು ತಾವು ಸೋತೆವೆಂದು ಭಾವಿಸಿರಲಿಲ್ಲ.

ಮರ ಕಡಿದು ಬೆಲೆ ಕಾಯುವುದು

ಲವಂಗದ ಮರಗಳು ಜಾಯಿಕಾಯಿಗಿಂತ ಹೆಚ್ಚು ಚದುರಿದ್ದವು. ಅವನ್ನೆಲ್ಲ ಕಾವಲು ಕಾಯುವುದಕ್ಕಿಂತ ಕಡಿದುಹಾಕುವುದೇ ಸುಲಭವೆಂದು ಕಂಪನಿಗೆ ಕಂಡಿತು. 1652ರಲ್ಲಿ ತೆರ್ನಾತೆಯ ಸುಲ್ತಾನನಿಗೆ ವರ್ಷಾಶನ ಗೊತ್ತುಮಾಡಿ ಅವನ ಅಧೀನದ ದ್ವೀಪಗಳ ಲವಂಗದ ಮರಗಳನ್ನು ನಾಶಮಾಡುವ ಒಪ್ಪಂದ ಪಡೆಯಲಾಯಿತು. ಲವಂಗವನ್ನು ಅದರ ತವರಿನಲ್ಲೇ ನಿರ್ಮೂಲ ಮಾಡಿ, ಕಂಪನಿಯ ಕಣ್ಣೆದುರಿನ ಅಂಬೊನ್ ಮತ್ತು ಅದರ ನೆರೆಯ ದ್ವೀಪಗಳಲ್ಲಿ ಮಾತ್ರ ಬೆಳೆಸಲಾಯಿತು. ‘ಹೊಂಗಿ’ ಎಂಬ ದಂಡಯಾತ್ರೆಗಳು ಆಗಾಗ ಹೊರಡುತ್ತಿದ್ದವು. ಸ್ಥಳೀಯರೇ ಹುಟ್ಟು ಹಾಕಬೇಕಾದ ಉದ್ದನೆಯ ದೋಣಿಗಳ ಸಾಲು ದ್ವೀಪದಿಂದ ದ್ವೀಪಕ್ಕೆ ಹೋಗಿ ಅನುಮತಿಯಿಲ್ಲದೆ ಬೆಳೆದ ಮರಗಳನ್ನು ಹುಡುಕಿ ಕಡಿಯುತ್ತಿತ್ತು. ಪ್ರತಿಭಟಿಸಿದ ಪಶ್ಚಿಮ ಸೆರಾಮಿನ ಹೊಅಮೊಅಲ್ ಪ್ರದೇಶವನ್ನು 1656ರ ಹೊತ್ತಿಗೆ ನಿರ್ಜನ ಮಾಡಲಾಗಿತ್ತು. ಜಾಯಿಕಾಯಿಯನ್ನು ಹೊರಗೆ ಯಾರೂ ಮೊಳೆಯಿಸದಂತೆ ಸುಣ್ಣದ ನೀರಿನಲ್ಲಿ ಅದ್ದಿ ಕಳಿಸುತ್ತಿದ್ದರು.

ಇಷ್ಟಾದರೂ ಪಾರಿವಾಳಗಳಿಗೆ ಕರಾರಿನ ಅರಿವಿರಲಿಲ್ಲ. ಅವು ಹತ್ತಿರದ ದ್ವೀಪಗಳಲ್ಲಿ ಬೀಜ ಬೀಳಿಸುತ್ತಲೇ ಇದ್ದವು.

ಅಂಬೊನಿನ ಕುರುಡ ಸಸ್ಯತಜ್ಞ

ಇದೇ ಕಂಪನಿಯ ನೌಕರನಾಗಿ ಅಂಬೊನಿಗೆ ಬಂದ ಜರ್ಮನ್ ಮೂಲದ ರುಂಫಿಯಸ್, ದಿನದ ಲೆಕ್ಕಪತ್ರದ ನಡುವೆ ದ್ವೀಪದ ಗಿಡಮರ, ಚಿಪ್ಪು, ಮೀನುಗಳನ್ನು ವಿವರವಾಗಿ ಬರೆಯತೊಡಗಿದ. 1670ರಲ್ಲಿ ಅವನ ಕಣ್ಣು ಹೋಯಿತು. 1674ರ ಭೂಕಂಪದಲ್ಲಿ, ಸಸ್ಯ ಗುರುತಿಸಲು ನೆರವಾಗುತ್ತಿದ್ದ ಹೆಂಡತಿ ಸುಸಾನಾ ಮತ್ತು ಒಬ್ಬ ಮಗಳು ಗೋಡೆಯಡಿ ಸಿಕ್ಕಿ ಸತ್ತರು. 1687ರ ಬೆಂಕಿಯಲ್ಲಿ ಚಿತ್ರಗಳು ಸುಟ್ಟುಹೋದವು. ಮತ್ತೆ ಬರೆಯಿಸಿ ಹಡಗಿನಲ್ಲಿ ಕಳಿಸಿದ ಹಸ್ತಪ್ರತಿಯನ್ನು 1692ರಲ್ಲಿ ಫ್ರೆಂಚರು ಹಡಗಿನ ಸಮೇತ ಮುಳುಗಿಸಿದರು. ಬಟಾವಿಯಾದಲ್ಲಿ ಅದರ ಪ್ರತಿ ಮಾಡಿಸಿಟ್ಟಿದ್ದರಿಂದ ಕೃತಿ ಉಳಿಯಿತು. ಕೊನೆಗೆ ಅದು ಹಾಲೆಂಡ್ ತಲುಪಿದಾಗ ಕಂಪನಿ, ಪೈಪೋಟಿಯವರಿಗೆ ಉಪಯೋಗವಾಗುವ ವಿವರಗಳಿವೆಯೆಂದು ಅಚ್ಚು ಹಾಕಿಸಲು ಬಿಡಲಿಲ್ಲ. ರುಂಫಿಯಸ್ 1702ರಲ್ಲಿ ತೀರಿಕೊಂಡ; ಸುಮಾರು 1,200 ಸಸ್ಯಗಳನ್ನು ವಿವರಿಸುವ ಅವನ ಗ್ರಂಥ ಹೊರಬರಲಾರಂಭಿಸಿದ್ದು 1741ರಲ್ಲಿ. ಮರಕ್ಕೆ ಹಾಕಿದ ಬೀಗವನ್ನು ಕಂಪನಿ ಮಾಹಿತಿಗೂ ಹಾಕಿತ್ತು.

ಬೀಜ ಕಡಲು ದಾಟಿದ್ದು

ಪಿಯೇರ್ ಪ್ವಾವ್ರ್ ಎಂಬ ಫ್ರೆಂಚನ ಅಡ್ಡಹೆಸರಿಗೆ ಅವನ ಭಾಷೆಯಲ್ಲಿ ಕಾಳುಮೆಣಸು ಎಂದೇ ಅರ್ಥ. ಕಡಲ ಕಾಳಗದಲ್ಲಿ ಬಲಗೈ ಕಳೆದುಕೊಂಡಿದ್ದ ಇವನು, ಮುಂದೆ ಮಾರಿಷಸ್ಸಿನ ಆಡಳಿತಗಾರನಾದಾಗ ಮಲುಕುವಿಗೆ ಗುಟ್ಟಾಗಿ ಹಡಗುಗಳನ್ನು ಕಳಿಸಿ 1770ರಲ್ಲಿ ಲವಂಗ ಮತ್ತು ಜಾಯಿಕಾಯಿಯ ಸಸಿಗಳನ್ನು ತರಿಸಿದ. ಲವಂಗ ಅಲ್ಲಿಂದ ಮುಂದಕ್ಕೆ ಹೋಗಿ 19ನೆಯ ಶತಮಾನದಲ್ಲಿ ಒಮಾನಿನ ಸುಲ್ತಾನರ ಆಳ್ವಿಕೆಯ ಜಾಂಜಿಬಾರಿನಲ್ಲಿ ಬೇರೂರಿತು. ಅಲ್ಲಿಯೂ ಗುಲಾಮರ ದುಡಿಮೆಯಿಂದಲೇ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಇಂಗ್ಲಿಷರು 1796ರಲ್ಲಿ ಒಮ್ಮೆ, 1810ರಲ್ಲಿ ಮತ್ತೊಮ್ಮೆ ಬಾಂಡಾವನ್ನು ಹಿಡಿದು, ಸಸಿಗಳನ್ನು ಪೆನಾಂಗ್, ಶ್ರೀಲಂಕಾ ಮೊದಲಾದ ಕಡೆಗೆ ಸಾಗಿಸಿದರು. ತಮಿಳುನಾಡಿನ ಕುತ್ತಾಲದಲ್ಲಿದ್ದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ತೋಟಗಳಿಗೆ ಈ ಮರಗಳು ಬಂದದ್ದೂ ಅದೇ ಕಾಲದಲ್ಲಿ. ಕೆರಿಬಿಯನ್ ಸಮುದ್ರದ ಗ್ರೆನೆಡಾದಲ್ಲಿ ಜಾಯಿಕಾಯಿ ಎಷ್ಟು ಹಬ್ಬಿತೆಂದರೆ ಇಂದು ಆ ದೇಶದ ಬಾವುಟದ ಮೇಲೂ ಅದು ಇದೆ.

ಸಾಲ ಮತ್ತು ಭ್ರಷ್ಟಾಚಾರದಿಂದ ನೆಲ ಕಚ್ಚಿದ ಡಚ್ ಕಂಪನಿ 1799ರ ಕೊನೆಗೆ ಮುಚ್ಚಿತು. ದ್ವೀಪಗಳು ಡಚ್ ಸರ್ಕಾರದ ಕೈಯಲ್ಲಿ ಉಳಿದವು, ಆದರೆ ಬೆಲೆ ಉಳಿಯಲಿಲ್ಲ. ಬಾಂಡಾ ಎಷ್ಟು ಮೂಲೆಗುಂಪಾಯಿತೆಂದರೆ ಡಚ್ಚರು ಅದನ್ನು ಗಡೀಪಾರಿನ ಜಾಗವಾಗಿ ಬಳಸಿದರು. ಮುಂದೆ ಸ್ವತಂತ್ರ ಇಂಡೋನೇಷ್ಯಾದ ಉಪರಾಷ್ಟ್ರಪತಿಯಾದ ಹತ್ತಾ ಮತ್ತು ಪ್ರಧಾನಿಯಾದ ಷಹರೀರ್ 1936ರಿಂದ 1942ರವರೆಗೆ ಅಲ್ಲಿ ಕೂಡಿಹಾಕಲ್ಪಟ್ಟಿದ್ದರು. ಇದೇ ಷಹರೀರರನ್ನು 1947ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ವಿಮಾನದಲ್ಲಿ ಕರೆತಂದವರು ಒಡಿಶಾದ ಬಿಜು ಪಟ್ನಾಯಕ್. ವಿಚಿತ್ರವೆಂದರೆ, ಲವಂಗ ಬೆರೆಸಿದ ಕ್ರೆತೆಕ್ ಸಿಗರೇಟಿನ ಚಟ ಜಾವಾದಲ್ಲಿ ಹಬ್ಬಿದಾಗ, 20ನೆಯ ಶತಮಾನದಲ್ಲಿ ಇಂಡೋನೇಷ್ಯಾ ಜಾಂಜಿಬಾರಿನಿಂದ ಲವಂಗವನ್ನು ಆಮದು ಮಾಡಿಕೊಳ್ಳಬೇಕಾಯಿತು.

ಜ್ವರದಲ್ಲಿ ಹೊಳೆದದ್ದು

ಸಾಂಬಾರದ ಬೆಲೆ ಬಿದ್ದ ಮೇಲೆ ಮಲುಕುವಿಗೆ ಬಂದ ಆಲ್ಫ್ರೆಡ್ ರಸೆಲ್ ವಾಲೇಸ್‌ಗೆ ಬೇಕಾಗಿದ್ದುದು ಕೀಟ ಮತ್ತು ಹಕ್ಕಿಗಳು. ಮಾದರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಮಾರುವುದು ಅವನ ಜೀವನೋಪಾಯ. 1854ರಿಂದ 1862ರವರೆಗೆ, ಮಲುಕುವೂ ಸೇರಿದಂತೆ ಇಡೀ ಮಲಯ ದ್ವೀಪಸಮೂಹದಲ್ಲಿ ಅಲೆದು 1,25,660 ಮಾದರಿಗಳನ್ನು ಸಂಗ್ರಹಿಸಿದ. ಬಾಲಿ ಮತ್ತು ಲೊಂಬೊಕ್ ನಡುವೆ ಸುಮಾರು 35 ಕಿಲೋಮೀಟರಿನ ಜಲಸಂಧಿ. ದಾಟಿದರೆ ಹಕ್ಕಿಗಳೇ ಬೇರೆ. ಏಷ್ಯಾದ ಜೀವಿಗಳು ಕೊನೆಗೊಂಡು ಆಸ್ಟ್ರೇಲಿಯಾದ ಛಾಯೆ ಆರಂಭವಾಗುವ ಆ ಎಲ್ಲೆಗೆ ಇಂದು ವಾಲೇಸ್ ರೇಖೆ ಎಂದು ಹೆಸರು. ಆಳ ಸಮುದ್ರದ ಕುರಿತು ಮೇಲೆ ಹೇಳಿದ್ದೇ ಇದರ ಕಾರಣ.

1858ರ ಆರಂಭದಲ್ಲಿ ಚಳಿಜ್ವರದಿಂದ ಮಲಗಿದ್ದ ವಾಲೇಸ್‌ಗೆ, ಪರಿಸರಕ್ಕೆ ಹೊಂದಿಕೊಂಡ ಜೀವಿಗಳು ಬದುಕಿ, ಮಿಕ್ಕವು ಅಳಿಯುವುದರಿಂದಲೇ ಹೊಸ ಪ್ರಭೇದಗಳು ಹುಟ್ಟುತ್ತವೆ ಎಂಬ ವಿಚಾರ ಹೊಳೆಯಿತು. ಅದನ್ನು ಬರೆದು ತೆರ್ನಾತೆಯಿಂದ ಡಾರ್ವಿನ್‌ಗೆ ಅಂಚೆಯಲ್ಲಿ ಕಳಿಸಿದ. ಆ ಪತ್ರ ಇಬ್ಬರ ಬರಹಗಳೂ ಅದೇ ವರ್ಷದ ಜುಲೈ 1ರಂದು ಲಂಡನ್ನಿನಲ್ಲಿ ಒಟ್ಟಿಗೆ ಮಂಡನೆಯಾಗಲು ಕಾರಣವಾಯಿತು. ಜ್ವರ ಬಂದ ಹೊತ್ತಿಗೆ ಅವನು ಇದ್ದದ್ದು ತೆರ್ನಾತೆಯಲ್ಲಲ್ಲ, ಎದುರಿನ ಹಾಲ್ಮಹೇರಾದಲ್ಲಿ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಈ ಕೆಲಸದಲ್ಲಿ ಅವನ ಜೊತೆಗಿದ್ದವನು ಸರಾವಾಕ್‌ನಿಂದ ಬಂದ ಅಲಿ ಎಂಬ ಯುವಕ. ಇಂದು ವಾಲೇಸನ ಹೆಸರಿರುವ ಬಿಳಿಗರಿಯ ಸ್ವರ್ಗಪಕ್ಷಿಯನ್ನು ಬಾಚಾನ್ ದ್ವೀಪದಲ್ಲಿ ಮೊದಲು ಹೊಡೆದು ತಂದವನು ಅಲಿ.

ಈಗ ನಿಕಲ್ ಏಕೆ?

ಫಲಕಗಳು ಡಿಕ್ಕಿಯಾದಾಗ ಜ್ವಾಲಾಮುಖಿ ಮಾತ್ರ ಹುಟ್ಟುವುದಿಲ್ಲ. ಕೆಲವೊಮ್ಮೆ ಸಾಗರದ ತಳದ ಬಂಡೆಗಳೇ ಮೇಲಕ್ಕೆ ತಳ್ಳಲ್ಪಟ್ಟು ನೆಲವಾಗುತ್ತವೆ. ಹಾಲ್ಮಹೇರಾದ ಪೂರ್ವ ಭಾಗ ಅಂಥದ್ದು. ಆ ಬಂಡೆಗಳಲ್ಲಿ ನಿಕಲ್ ಅಲ್ಪ ಪ್ರಮಾಣದಲ್ಲಿರುತ್ತದೆ. ಬಿಸಿಲು ಮಳೆಗಳಲ್ಲಿ ಬಂಡೆ ಲಕ್ಷಾಂತರ ವರ್ಷ ಕಳಿತಾಗ ಕರಗುವ ಅಂಶಗಳು ಕೊಚ್ಚಿಹೋಗಿ, ಕಬ್ಬಿಣದಿಂದ ಕೆಂಪಾದ ಮಣ್ಣೂ ಅದರೊಡನೆ ನಿಕಲ್ಲೂ ಸಾಂದ್ರವಾಗಿ ಉಳಿಯುತ್ತವೆ. ನಮ್ಮ ಕರಾವಳಿಯ ಮನೆಗಳಿಗೆ ಗೋಡೆಯಾದ ಮುರಕಲ್ಲು ಹುಟ್ಟುವುದೂ ಇದೇ ರೀತಿ. 1800ರ ಸುಮಾರಿಗೆ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಬುಕಾನನ್ ಈ ಕಲ್ಲನ್ನು ನೋಡಿಯೇ ‘ಲ್ಯಾಟರೈಟ್’ ಎಂಬ ಹೆಸರಿಟ್ಟ. ಹಾಲ್ಮಹೇರಾದ್ದು ನಿಕಲ್ ಇರುವ ಲ್ಯಾಟರೈಟ್. ಅದು ಮೇಲ್ಪದರದಲ್ಲೇ ಇರುವುದರಿಂದ ಸುರಂಗ ತೋಡುವುದಿಲ್ಲ. ಕಾಡನ್ನೂ ಮೇಲ್ಮಣ್ಣನ್ನೂ ತೆಗೆದು ಅಗಲಕ್ಕೆ ಅಗೆಯುತ್ತಾರೆ.

ನಿಕಲ್ಲಿನ ಹೆಚ್ಚಿನ ಪಾಲು ಹೋಗುವುದು ಸ್ಟೇನ್‌ಲೆಸ್ ಸ್ಟೀಲಿಗೆ, ಉಳಿದುದರಲ್ಲಿ ಒಂದಂಶ ಬ್ಯಾಟರಿಗೆ. ಜಗತ್ತಿನಲ್ಲಿ ಗಣಿಯಿಂದ ತೆಗೆಯುವ ನಿಕಲ್ಲಿನ ಅರ್ಧಕ್ಕಿಂತ ಹೆಚ್ಚು ಈಗ ಇಂಡೋನೇಷ್ಯಾದ್ದು. ಅದಿರನ್ನು ಹಾಗೆಯೇ ಹೊರದೇಶಕ್ಕೆ ಮಾರಬಾರದು, ಸಂಸ್ಕರಣೆ ದೇಶದೊಳಗೇ ಆಗಬೇಕು ಎಂದು ಸರ್ಕಾರ 2020ರಿಂದ ರಫ್ತನ್ನು ನಿಷೇಧಿಸಿದೆ. ಹಾಲ್ಮಹೇರಾದ ವೇಡಾ ಕೊಲ್ಲಿಯಲ್ಲಿ ಗಣಿಯ ಪಕ್ಕದಲ್ಲೇ ಕುಲುಮೆಗಳು ಎದ್ದದ್ದಕ್ಕೆ ಇಂಥ ನೀತಿಯೇ ಮುಖ್ಯ ಕಾರಣ. ಅವುಗಳಿಗೆ ಬೇಕಾದ ವಿದ್ಯುತ್ತು ಬರುವುದು ಕಲ್ಲಿದ್ದಲಿನಿಂದ. ಅದೇ ಒಳನಾಡಿನ ಕಾಡಿನಲ್ಲಿ ಹೊಂಗಾನಾ ಮನ್ಯಾವಾ ಎಂಬ ಬುಡಕಟ್ಟಿನವರಿದ್ದಾರೆ. ಅವರಲ್ಲಿ ಕೆಲವು ಗುಂಪುಗಳು ಹೊರಜಗತ್ತಿನ ಸಂಪರ್ಕವನ್ನೇ ಬಯಸುವುದಿಲ್ಲ.

ವಾಲೇಸ್ ಬಾಚಾನಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾದ, ಮರದ ಮೇಲಿನ ಗೆದ್ದಲು ಗೂಡಿನೊಳಗೆ ವಾಸಿಸುವ ಒಂದು ಕಪ್ಪು ದುಂಬಿಯನ್ನು ಹಿಡಿದಿದ್ದ. ಜೇನ್ನೊಣದ ಬಳಗಕ್ಕೆ ಸೇರಿದ ಕೀಟಗಳಲ್ಲಿ ಅದು ಜಗತ್ತಿನಲ್ಲೇ ಅತಿ ದೊಡ್ಡದು. ಆಮೇಲೆ ಬಹುಕಾಲ ಯಾರಿಗೂ ಕಾಣಿಸದೆ 1981ರಲ್ಲಿ ಮತ್ತೆ ಸಿಕ್ಕಿತು. ಜೀವಂತ ದುಂಬಿಯ ಫೋಟೊ ತೆಗೆಯುವುದು ಸಾಧ್ಯವಾದದ್ದು 2019ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಇದರ ಒಂದು ಸತ್ತ ಮಾದರಿ ಆನ್‌ಲೈನ್ ಹರಾಜಿನಲ್ಲಿ 9,100 ಡಾಲರಿಗೆ ಮಾರಾಟವಾಗಿತ್ತು. ಆದ್ದರಿಂದ ಫೋಟೊ ತೆಗೆದವರು ಉತ್ತರ ಮಲುಕು ಎಂದಷ್ಟೇ ಹೇಳಿ, ಅದು ಸಿಕ್ಕಿದ ಜಾಗವನ್ನು ಗುಟ್ಟಾಗಿಟ್ಟಿದ್ದಾರೆ.